ಹೊಳಿಯ ಹಾವುಮೀನು, ಸಮುದ್ರದ ತವರುಮನಿ

ಹೋದ ಸಂಚಿಕೆ ಕೇಳಿ ಮುಂಡರಗಿ ಕಡೆಯ ಹುಡುಗನೊಬ್ಬ ವಾಯ್ಸ್ ಮೆಸೇಜ್ ಹಾಕಿದ್ದ. ‘ಸಾಲ್ಮನ್ ಮೀನು ಜಲಪಾತ ಹಾರೋ ವಿಡಿಯೋ ನೋಡಿದೆ. ನಮ್ಮ ತುಂಗಭದ್ರಾದಾಗ ಹಂಗ ಸಮುದ್ರಕ್ಕ ಹೋಗಿ ಬರೋ ಮೀನ ಐತೇನ್ರಿ ಅಣ್ಣಾ?’

ಐತಿ ತಮ್ಮಾ. ಆದರೆ ಅದರ ದಾರಿ ಉಲ್ಟಾ.

ಮೊದಲು ಸಾಲ್ಮನ್ ಕಥೆ ಮುಗಿಸೋಣ. ಅದು ತಣ್ಣನೆಯ ಹೊಳೆಯ ಹರಳುಕಲ್ಲಿನ ಸಂದಿಯಲ್ಲಿ ಹುಟ್ಟುತ್ತೆ, ಬೆರಳುದ್ದ ಬೆಳೆದು ಕಡಲಿಗಿಳಿಯುತ್ತೆ. ಅಲ್ಲಿನ ಮೊದಲ ಕೆಲವು ತಿಂಗಳೇ ದೊಡ್ಡ ಗಂಡಾಂತರ. ಅಳಿವೆಯ ಹುಲ್ಲಿನ ಮರೆಯಲ್ಲಿ ಸಣ್ಣ ಜೀವಿಗಳನ್ನ ತಿಂದು ಲಗುಲಗು ಬೆಳೆದದ್ದು ಉಳಿಯುತ್ತೆ, ಹಿಂದೆ ಬಿದ್ದದ್ದು ಯಾರದೋ ಬಾಯಿಗೆ. ಅಮೆರಿಕದವರು 19ನೇ ಶತಮಾನದಿಂದಲೇ ಮರಿ ಮಾಡಿ ಮಾಡಿ ಹೊಳೆಗೆ ಬಿಟ್ಟರು. ಆದರೆ ಕಡಲಿಗೆ ಹೋದ ಮರಿಗೆ ಏನಾಯ್ತು ಅಂತ ನೋಡೋಕೆ ಬಹಳ ಕಾಲ ಹಿಡೀತು.

ಈಗ ನಮ್ಮದು. ನಮ್ಮ ಅಜ್ಜ ಹೊಳೆದಂಡೆಯವರು. ಬಲೆಯಲ್ಲಿ ಆಳೆತ್ತರದ, ನುಣ್ಣಗೆ ಜಾರುವ ಹಾವುಮೀನು ಬಂದದ್ದನ್ನ ಹೇಳುವಾಗೆಲ್ಲ ದನಿ ಇಳಿಸುತ್ತಿದ್ದರು. ‘ಅದರ ತತ್ತಿ ಯಾರೂ ಕಂಡಿಲ್ಲಪಾ, ಮರೀನೂ ಕಂಡಿಲ್ಲ’ ಅನ್ನೋರು. ನಾನು ಅದನ್ನ ಅಜ್ಜನ ಕಥೆ ಅಂತ ಬಿಟ್ಟಿದ್ದೆ. ಆಮೇಲೆ ಗೊತ್ತಾಯ್ತು, ಎರಡು ಸಾವಿರ ವರ್ಷದ ಹಿಂದೆ ಗ್ರೀಸಿನ ಅರಿಸ್ಟಾಟಲ್ ಕೂಡ ಇಲ್ಲೇ ಸಿಕ್ಕಿಬಿದ್ದಿದ್ದ. ತತ್ತಿ ಕಾಣದೆ, ಹಾವುಮೀನು ಕೆಸರಿನಿಂದ ಹುಟ್ಟುತ್ತೆ ಅಂತ ಬರೆದುಬಿಟ್ಟ. (ಉದ್ದಗಿರೋದೆಲ್ಲ ಈ ಮೀನಲ್ಲ ಮತ್ತೆ. ಬೆನ್ನ ಮೇಲೆ ಮುಳ್ಳಿರೋದು ಬೇರೆ ಜಾತಿ, ಅದು ಹೊಳೆಯಲ್ಲೇ ಮರಿ ಮಾಡುತ್ತೆ.)

ಗಂಟು ಬಿಚ್ಚಿದ್ದು 1896ರಲ್ಲಿ. ಕಡಲಲ್ಲಿ ಸಿಗುತ್ತಿದ್ದ, ಗಾಜಿನಂಥ, ಎಲೆಯಾಕಾರದ ಪುಟ್ಟ ಮೀನಿಗೆ ವಿಜ್ಞಾನಿಗಳು ‘ಲೆಪ್ಟೋಸೆಫಾಲಸ್’ ಅಂತ ಹೆಸರಿಟ್ಟು, ಬೇರೆಯದೇ ಜಾತಿ ಅಂದುಕೊಂಡಿದ್ದರು. ಇಟಲಿಯ ಗ್ರಾಸಿ ಮತ್ತು ಕಲಂದ್ರುಚಿಯೊ ಅನ್ನೋ ಇಬ್ಬರು, ಇದೇ ಹಾವುಮೀನಿನ ಮರಿ ಅಂತ ತೋರಿಸಿದರು. ಆಮೇಲೆ ಡೆನ್ಮಾರ್ಕಿನ ಯೊಹಾನೆಸ್ ಶ್ಮಿಟ್. 1904ರಲ್ಲಿ ಅವರಿಗೆ ಅಟ್ಲಾಂಟಿಕ್‌ನಲ್ಲಿ ಒಂದೇ ಒಂದು ಮರಿ ಸಿಕ್ತು. ಅದಕ್ಕಿಂತ ಸಣ್ಣದು, ಇನ್ನೂ ಸಣ್ಣದು ಅಂತ ಹುಡುಕುತ್ತಾ 1922ರ ಹೊತ್ತಿಗೆ, ಯುರೋಪಿನ ಹಾವುಮೀನಿನ ತವರು ಸರ್ಗಾಸೋ ಸಮುದ್ರ ಅಂದರು. ಹದಿನೆಂಟು ವರ್ಷ, ಮೀನಿನ ಮರಿ ಅಳೆಯೋದರಲ್ಲೇ!

ಅವರದೇ ‘ಡಾನಾ’ ಹಡಗು 1928ರಿಂದ 30ರವರೆಗೆ ಜಗತ್ತು ಸುತ್ತುತ್ತಾ ಹಿಂದೂ ಮಹಾಸಾಗರಕ್ಕೂ ಬಂತು. ಅಲ್ಲಿ ಹಿಡಿದ ಮರಿಗಳನ್ನ ಯೆಸ್ಪರ್ಸನ್ ಅನ್ನೋರು ಅಭ್ಯಾಸ ಮಾಡಿ 1942ರಲ್ಲಿ ಪ್ರಕಟಿಸಿ, ಸುಮಾತ್ರದ ಪಶ್ಚಿಮದ ಆಳ ಕಡಲಿನ ಕಡೆ ಬೊಟ್ಟು ಮಾಡಿದರು. ನಮ್ಮ ಹಾವುಮೀನು, ಅಂಗ್ವಿಲಾ ಬೆಂಗಾಲೆನ್ಸಿಸ್, ಅದೇ ಬಳಗದ್ದು. ಅಜ್ಜ ಹೇಳಿದ್ದು ಖರೇನೇ ಆಗಿತ್ತು. ತತ್ತಿ ಇಲ್ಲಿ ಕಾಣೋದು ಹ್ಯಾಂಗ, ಇಡೋದೇ ಸಮುದ್ರದಲ್ಲಿ.

ಎಲೆಯಂಥ ಮರಿ ಪ್ರವಾಹದಲ್ಲಿ ತೇಲುತ್ತಾ ಬಂದು, ದಂಡೆ ಹತ್ತಿರ ಆದಾಗ ಮೈ ಕುಗ್ಗಿಸಿ ದಾರದಂತಾಗುತ್ತೆ. ಆಗಲೂ ಗಾಜಿನ ಹಾಗೇ, ಆರಪಾರ ಕಾಣುತ್ತೆ. ನಮ್ಮ ಕಡೆ ಬರಬೇಕಂದ್ರೆ ಆಂಧ್ರದಲ್ಲಿ ಕೃಷ್ಣೆಯ ಬಾಯಿಂದ ಹತ್ತಬೇಕು. ಅಲ್ಲಿಂದ ಮುಂಡರಗಿಗೆ ನೇರ ಗೆರೆ ಎಳೆದರೇ ಸುಮಾರು 550 ಕಿಲೋಮೀಟರ್. ಹೊಳೆಯ ತಿರುವು ಲೆಕ್ಕ ಹಿಡಿದರೆ ಇನ್ನೂ ಎಷ್ಟೋ ಜಾಸ್ತಿ. ಹತ್ತಿ ಬಂದು, ಇಲ್ಲೇ ವರ್ಷಗಟ್ಟಲೆ ಬೆಳೆದು, ಒಂದು ಮಳೆಗಾಲದ ಮಹಾಪೂರದಲ್ಲಿ ವಾಪಸ್ ಕಡಲಿಗಿಳಿದು, ಒಮ್ಮೆ ಮಾತ್ರ ತತ್ತಿ ಇಟ್ಟು ಸಾಯುತ್ತೆ.

ಈ ದಾರಿಗೆ ಮೊದಲ ಗೋಡೆ ಬಿದ್ದದ್ದು ವಿಜಯವಾಡದಲ್ಲಿ, 1855ರ ಆಣೆಕಟ್ಟು. ಆ ಕಾಲದಲ್ಲೇ ಮದ್ರಾಸ್ ಸರಕಾರ ಇಂಥ ಆಣೆಗಳಿಂದ ಮೀನಿಗೇನಾಗುತ್ತೆ ಅಂತ ನೋಡೋಕೆ ಫ್ರಾನ್ಸಿಸ್ ಡೇ ಅನ್ನೋ ಸೈನ್ಯದ ಡಾಕ್ಟರಿಗೆ ಹೇಳಿತ್ತು. ಕಡಲಿಂದ ಹೊಳೆಗೆ ತತ್ತಿ ಇಡೋಕೆ ಬರುವ ಹಿಲ್ಸಾ ಮೀನು ಆಣೆಯ ಕೆಳಗೇ ನಿಂತುಬಿಡುತ್ತೆ ಅಂತ ಅವರು ಬರೆದರು. ಸಾಲ್ಮನ್ ಥರದ ಬದುಕು ಅಂದ್ರೆ ಈ ಹಿಲ್ಸಾದ್ದೇ. ಸರಕಾರ ವರದಿ ಓದಿತು. ಆಣೆ ಕಟ್ಟೋದು ನಿಲ್ಲಲಿಲ್ಲ, ನೀರಾವರಿ ಬೇಕಾಗಿತ್ತು. ಅದನ್ನ ನಾನೂ ತಪ್ಪು ಅನ್ನಲಾರೆ, ಬರಗಾಲ ಕಂಡ ನಾಡು ನಮ್ಮದು. ಆದರೆ ಗೋಡೆ ಕಟ್ಟುವಾಗ ಮೀನಿಗೊಂದು ಮೆಟ್ಟಿಲು ಸರಿಯಾಗಿ ಬಿಡೋದು ಅಷ್ಟು ಕಷ್ಟವಿತ್ತಾ?

ನಾಗಾರ್ಜುನಸಾಗರ, ಶ್ರೀಶೈಲ, ಸುಂಕೇಸುಲ, ರಾಜೋಳಿಬಂಡಾ, ಆಮೇಲೆ 1953ರ ಹೊಸಪೇಟೆ ಡ್ಯಾಂ. ಇವೆಲ್ಲ ದಾಟಿದರೆ ನಮ್ಮ ಹಮ್ಮಿಗಿ ಬ್ಯಾರೇಜ್. ಗದಗ–ಬೆಟಗೇರಿಯ ನಲ್ಲಿಗೆ ಬರೋದೂ ಇದೇ ಹೊಳೆ ನೀರು. ಶಿರಹಟ್ಟಿ ಕಡೆಯ ಹೊಳೆ ಇಟಗಿಯ ಹೆಸರಲ್ಲೇ ಹೊಳೆ ಇದೆ, ಲಕ್ಷ್ಮೇಶ್ವರದ ಮಂದಿಗೂ ಇದು ಪರಕೀಯ ಅಲ್ಲ.

ಹಾವುಮೀನಿನ ಮರಿ ಹಿಲ್ಸಾದಷ್ಟು ಪಾಪದ್ದಲ್ಲ. ರಾತ್ರಿ ಹೊತ್ತು, ನೀರು ಜಿನುಗುವ ಪಾಚಿಗೋಡೆಗೆ ಮೈ ಅಂಟಿಸಿಕೊಂಡು ಇಷ್ಟಿಷ್ಟೇ ಹತ್ತುತ್ತೆ. ಆದರೆ ಗೋಡೆ ಒಣಗಿದ್ದರೆ ಅಲ್ಲಿಗೇ ಮುಗೀತು. ಇಳಿಯುವಾಗಿನ ಅಪಾಯ ಬೇರೆ: ಉದ್ದನೆಯ ಮೈ, ವಿದ್ಯುತ್ ಘಟಕದ ಟರ್ಬೈನ್.

ಒಂದು ಮಾತು ಮಾತ್ರ ಲೆಕ್ಕ ಹಾಕಿ ನೋಡ್ರಿ. ಕಟ್ಲಾ, ರೋಹು ಮರಿಗಳನ್ನ ತಂದು ಹೊಳೆಗೆ, ಕೆರೆಗೆ ಬಿಡ್ತಾರೆ. ಹಾವುಮೀನನ್ನ ಹಾಗೆ ಹುಟ್ಟಿಸಿ ಬಿಡೋಕೆ ಇಲ್ಲಿ ಆಗೋದಿಲ್ಲ. ಸಿಹಿನೀರಲ್ಲಿ ಅದು ಹುಟ್ಟೋದೇ ಇಲ್ಲ. ಅಂದ್ರೆ ಈ ವರ್ಷ ಹಮ್ಮಿಗಿಯ ಮೇಲೆ ಯಾರದಾದರೂ ಬಲೆಗೆ ಒಂದು ಸಣ್ಣ ಹಾವುಮೀನು ಬಿದ್ದರೆ, ಅದು ಸಮುದ್ರದಿಂದ ಎಲ್ಲ ಗೋಡೆ ಹತ್ತಿಯೇ ಬಂದಿರಬೇಕು. ಅಂಥದ್ದು ಕಂಡರೆ ಪಕ್ಕಕ್ಕೊಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೀರಿ. ಊರು, ತಾರೀಖು ಬರೆದು ಕಳಿಸ್ರಿ. ಬೆನ್ನಿನ ಮೇಲೆ ಮುಳ್ಳಿದೆಯೋ ಇಲ್ಲವೋ ಕಾಣೋ ಹಾಗೆ.