ಕ್ಯಾಮೆರಾ ಬ್ರ್ಯಾಂಡ್ ಬದಲಿಸುವುದು ಏಕೆ ಕಷ್ಟ? ಗುಟ್ಟಿರುವುದು ಲೆನ್ಸ್ ಮೌಂಟ್‌ನಲ್ಲಿ

ಕ್ಯಾನನ್ ಹಿಡಿದವರು ಕ್ಯಾನನ್‌ಗೆ, ನಿಕಾನ್ ಹಿಡಿದವರು ನಿಕಾನ್‌ಗೆ ವರ್ಷಗಟ್ಟಲೆ ಅಂಟಿಕೊಳ್ಳುವುದು ಬರೀ ಅಭಿಮಾನದಿಂದಲ್ಲ. ಮುಖ್ಯ ಕಾರಣ ಲೆನ್ಸ್ ಮೌಂಟ್, ಅಂದರೆ ಕ್ಯಾಮೆರಾ ಮತ್ತು ಲೆನ್ಸ್ ಕೂಡುವ ಲೋಹದ ಬಳೆ. ಇದರ ಅಳತೆ ಎರಡೂ ಕಂಪನಿಗಳಲ್ಲಿ ಬೇರೆ. ಹಾಗಾಗಿ ಬ್ರ್ಯಾಂಡ್ ಬದಲಿಸಿದರೆ ಕೂಡಿಟ್ಟ ಲೆನ್ಸ್‌ಗಳನ್ನೂ ಮಾರಬೇಕಾಗುತ್ತದೆ.

ನಿಕಾನ್ 1959ರಲ್ಲಿ ತಂದ ಎಫ್ ಮೌಂಟನ್ನು ಡಿಜಿಟಲ್ ಎಸ್‌ಎಲ್‌ಆರ್ ಕಾಲದಲ್ಲೂ ಉಳಿಸಿಕೊಂಡಿತು. ಕ್ಯಾನನ್ 1987ರಲ್ಲಿ ಆಟೊಫೋಕಸ್‌ಗಾಗಿ ಹಳೆಯ ಎಫ್‌ಡಿ ಮೌಂಟ್ ಕೈಬಿಟ್ಟು ಇಎಫ್ ತಂದಾಗ ಹಳೆಯ ಲೆನ್ಸ್‌ಗಳು ಹೊಸ ಕ್ಯಾಮೆರಾಗೆ ಹೊಂದಲಿಲ್ಲ. 2018ರಲ್ಲಿ ಮಿರರ್‌ಲೆಸ್‌ಗಾಗಿ ಕ್ಯಾನನ್ ಆರ್‌ಎಫ್, ನಿಕಾನ್ ಝಡ್ ಮೌಂಟ್ ತಂದವು. ಈ ಸಲ ಎರಡೂ ಕಂಪನಿಗಳು ಹಳೆಯ ಲೆನ್ಸ್‌ಗಳಿಗೆ ಅಡಾಪ್ಟರ್ ಒದಗಿಸಿ ಗ್ರಾಹಕರನ್ನು ಉಳಿಸಿಕೊಳ್ಳಲು ಯತ್ನಿಸಿದವು.

ಇನ್ನೊಂದು ಕಾರಣ ಕೈಗಳ ರೂಢಿ. ಕ್ಯಾನನ್ ಲೆನ್ಸ್ ಕೂರಿಸಲು ತಿರುಗಿಸುವ ದಿಕ್ಕಿಗೆ ನಿಕಾನ್‌ನದು ತದ್ವಿರುದ್ಧ. ಬಟನ್, ಮೆನುಗಳ ಜಾಗವೂ ಬೇರೆ. ಮದುವೆಯ ಧಾರೆ ಹೊತ್ತಿನಲ್ಲಿ ಬಟನ್ ಹುಡುಕುತ್ತ ನಿಂತರೆ ಆ ಕ್ಷಣ ಮತ್ತೆ ಸಿಗದು.

ಆದ್ದರಿಂದ ಮೊದಲ ಕ್ಯಾಮೆರಾ ಕೊಳ್ಳುವವರು ಅದರ ಬೆಲೆಯನ್ನಷ್ಟೇ ನೋಡಬಾರದು. ಮುಂದೆ ಬೇಕಾಗುವ ಲೆನ್ಸ್‌ಗಳ ದರ, ಸೆಕೆಂಡ್ ಹ್ಯಾಂಡ್ ಲಭ್ಯತೆ, ಹತ್ತಿರದ ಸರ್ವಿಸ್ ಸೆಂಟರ್ ಇವನ್ನೂ ವಿಚಾರಿಸುವುದು ಒಳ್ಳೆಯದು.