ಯಾರನ್ನೂ ಕೇಳದೆ ಪಡೆಯುವ ಅನನ್ಯ ಸಂಖ್ಯೆ

ಬ್ಯಾಂಕಿನಲ್ಲಿ ಖಾತೆ ತೆರೆದರೆ ನಿಮಗೊಂದು ಸಂಖ್ಯೆ ಸಿಗುತ್ತದೆ. ಅದು ಮತ್ತೊಬ್ಬರಿಗೆ ಹೋಗದಂತೆ ನೋಡಿಕೊಳ್ಳುವುದು ಬ್ಯಾಂಕಿನ ಹೊಣೆ. ಸಂಖ್ಯೆ ಕೊಡುವ ಕಚೇರಿಯೇ ಇಲ್ಲದಿದ್ದರೆ? ಸಾವಿರಾರು ಗಣಕಗಳು ಒಂದನ್ನೊಂದು ಕೇಳದೆ ತಮ್ಮ ಕಡತಗಳಿಗೆ ಗುರುತು ನೀಡಿದರೂ ಎರಡು ಗುರುತುಗಳು ಒಂದೇ ಆಗದಿರಲು ಸಾಧ್ಯವೇ?

1980ರ ದಶಕದಲ್ಲಿ ಅಮೆರಿಕದ ಅಪೋಲೊ ಕಂಪ್ಯೂಟರ್ ಕಂಪನಿ ಜಾಲದಲ್ಲಿ ಜೋಡಿಸಿದ ತನ್ನ ಗಣಕಗಳಿಗಾಗಿ ಇದಕ್ಕೊಂದು ಉಪಾಯ ಕಂಡುಕೊಂಡಿತು. ಗಣಕದ ಗುರುತನ್ನೂ ಗಡಿಯಾರದ ವೇಳೆಯನ್ನೂ ಒಂದೇ ಸಂಖ್ಯೆಯಲ್ಲಿ ಸೇರಿಸುವುದೇ ಆ ಉಪಾಯ. ಓಪನ್ ಸಾಫ್ಟ್‌ವೇರ್ ಫೌಂಡೇಷನ್ ಇದನ್ನು ಬೆಳೆಸಿತು. 128 ಬಿಟ್‌ಗಳ ಈ ಸಂಖ್ಯೆಯೇ ಯುಯುಐಡಿ. ಮೈಕ್ರೋಸಾಫ್ಟ್ ಇದನ್ನು ಜಿಯುಐಡಿ ಎಂದು ಕರೆಯಿತು.

ಇದರ ಮೊದಲ ಆವೃತ್ತಿಯ ರಚನೆಯನ್ನು ಗಮನಿಸಿ. 60 ಬಿಟ್‌ಗಳು ವೇಳೆಗೆ ಮೀಸಲು. ಗ್ರೆಗೋರಿಯನ್ ಪಂಚಾಂಗ ಜಾರಿಗೆ ಬಂದ 1582ರ ಅಕ್ಟೋಬರ್ 15ರಿಂದ 100 ನ್ಯಾನೊಸೆಕೆಂಡುಗಳ ಲೆಕ್ಕದಲ್ಲಿ ಈ ಎಣಿಕೆ ನಡೆಯುತ್ತದೆ. 48 ಬಿಟ್‌ಗಳಲ್ಲಿ ಗಣಕದ ಜಾಲ ಕಾರ್ಡಿನ ವಿಳಾಸವಿದೆ. ಗಡಿಯಾರ ಹಿಂದಕ್ಕೆ ಸರಿದರೂ ಸಂಖ್ಯೆ ಮರುಕಳಿಸದಂತೆ 14 ಬಿಟ್‌ಗಳ ಕಾವಲಿದೆ. ಉಳಿದ 6 ಬಿಟ್‌ಗಳು ಇದು ಯಾವ ಬಗೆಯ ಸಂಖ್ಯೆ ಎಂದು ತಿಳಿಸುತ್ತವೆ.

ಆದರೆ ಯಾವ ಗಣಕ, ಯಾವ ಕ್ಷಣ ಎಂಬುದನ್ನು ಈ ಸಂಖ್ಯೆ ತಾನೇ ಹೇಳಿಬಿಡುತ್ತದೆಯಲ್ಲವೇ? ಆಫೀಸ್ 97ರ ಕಡತಗಳಲ್ಲಿ ಇಂಥ ಗುರುತು ಬಳಕೆದಾರರಿಗೆ ತಿಳಿಯದಂತೆ ಸೇರುತ್ತಿದ್ದುದು 1999ರಲ್ಲಿ ಬಯಲಾಯಿತು. ಖಾಸಗಿತನದ ಪ್ರಶ್ನೆ ಎದ್ದಿತು. ಅದನ್ನು ತೆಗೆಯುವ ತಂತ್ರಾಂಶವನ್ನು ಮೈಕ್ರೋಸಾಫ್ಟ್ ಒದಗಿಸಬೇಕಾಯಿತು.

ನಾಲ್ಕನೆಯ ಆವೃತ್ತಿಯಲ್ಲಿ ವೇಳೆಯೂ ಇಲ್ಲ, ವಿಳಾಸವೂ ಇಲ್ಲ. ಅದರ 122 ಬಿಟ್‌ಗಳು ಯಾದೃಚ್ಛಿಕ. ಎರಡು ಸಂಖ್ಯೆಗಳು ಒಂದೇ ಆಗುವ ಸಂಭವ ಶೇಕಡ 50 ತಲುಪಬೇಕಾದರೆ ಸುಮಾರು 2.7 ಶತಕೋಟಿ ಶತಕೋಟಿ ಸಂಖ್ಯೆಗಳನ್ನು ಸೃಷ್ಟಿಸಬೇಕು! 2004ರಲ್ಲಿ ಜಾವಾ 5, 2006ರಲ್ಲಿ ಪೈಥಾನ್ 2.5 ಈ ಸೌಲಭ್ಯವನ್ನು ತಮ್ಮಲ್ಲೇ ಅಳವಡಿಸಿಕೊಂಡವು. ನಡುವೆ, 2005ರಲ್ಲಿ, ಆರ್‌ಎಫ್‌ಸಿ 4122 ಎಂಬ ಅಂತರಜಾಲ ಮಾನಕವೂ ಬಂತು.

ಗುಟ್ಟು ಉಳಿಯಿತು, ಕ್ರಮ ತಪ್ಪಿತು. ಯಾದೃಚ್ಛಿಕ ಸಂಖ್ಯೆಗಳಲ್ಲಿ ಹಿಂದಿನದು ಯಾವುದು, ಮುಂದಿನದು ಯಾವುದು ಎಂದು ತಿಳಿಯದು. ಹೊಸ ದಾಖಲೆಗಳು ದತ್ತಸಂಚಯದ ಸೂಚಿಯಲ್ಲಿ ಎಲ್ಲೆಂದರಲ್ಲಿ ಸೇರಿ ಕೆಲಸ ನಿಧಾನವಾಗುತ್ತದೆ. ಆದ್ದರಿಂದ 2024ರ ಆರ್‌ಎಫ್‌ಸಿ 9562 ಏಳನೆಯ ಆವೃತ್ತಿಯನ್ನು ಸೇರಿಸಿತು. ಇದರಲ್ಲಿ ಮೊದಲು 1970ರಿಂದ ಎಣಿಸಿದ ಮಿಲಿಸೆಕೆಂಡುಗಳು, ಆಮೇಲೆ ಯಾದೃಚ್ಛಿಕ ಬಿಟ್‌ಗಳು. ವೇಳೆ ಮರಳಿತು, ಗಣಕದ ವಿಳಾಸ ಮರಳಲಿಲ್ಲ. 2025ರ ಪೈಥಾನ್ 3.14ರಲ್ಲಿ ಇದೂ ಲಭ್ಯ.

ನೀವು ಪ್ರೋಗ್ರಾಮ್ ಬರೆಯುವಾಗ ಇವುಗಳಲ್ಲೊಂದನ್ನು ಆರಿಸಬೇಕಾಗಬಹುದು. ಅನನ್ಯತೆ ಎಲ್ಲದರಲ್ಲೂ ಉಂಟು. ಆ ಸಂಖ್ಯೆ ನಿಮ್ಮ ಬಳಕೆದಾರರ ಬಗ್ಗೆ ಇನ್ನೇನು ಹೇಳುತ್ತದೆ ಎಂಬುದನ್ನೂ ಯೋಚಿಸಿ.