ಬಣ್ಣ ಬಿಟ್ಟ ಕ್ಯಾಮರಾ

ನಿಮ್ಮ ಮನೆಯ ನಡುಮನೆಯ ಗೋಡೆಯ ಮೇಲೆ ಹಿರಿಯರ ಹಳೆಯ ಭಾವಚಿತ್ರವೊಂದಿದ್ದರೆ ಅದನ್ನು ಒಮ್ಮೆ ನೋಡಿ. ಕುರ್ಚಿಯ ಮೇಲೆ ಬಿಗಿದು ಕುಳಿತ ಅಜ್ಜ, ಪಕ್ಕದಲ್ಲಿ ನಿಂತ ಅಜ್ಜಿ. ಅಜ್ಜಿಯ ಸೀರೆ ಯಾವ ಬಣ್ಣದ್ದೆಂದು ಮೊಮ್ಮಗಳು ಕೇಳಿದರೆ ಆ ಚಿತ್ರ ಉತ್ತರ ಹೇಳದು. ಆದರೂ ಅದರಲ್ಲಿ ಏನೋ ಕೊರತೆಯಿದೆಯೆಂದು ನಿಮಗೆ ಅನ್ನಿಸಿರಲಾರದು. ಮುಖದ ಗೆರೆ, ಕಣ್ಣಿನ ಗಾಂಭೀರ್ಯ, ಸೆರಗಿನ ಜರಿಯ ಹೊಳಪು ಎಲ್ಲವೂ ಅಲ್ಲಿವೆ. ಅಂದು ಬಣ್ಣವಿಲ್ಲದ್ದಕ್ಕೆ ಕಾರಣ ಸರಳವಾದದ್ದು: ಊರಿನ ಛಾಯಾಗ್ರಾಹಕನ ಕೈಗೆ ಬಣ್ಣ ಎಟುಕುತ್ತಿರಲಿಲ್ಲ. ಇಂದಾದರೋ ಜೇಬಿನ ಮೊಬೈಲು ಫೋನೂ ಮುಗಿಲಿನ ನೀಲಿಯನ್ನೂ ಮಾವಿನ ಚಿಗುರನ್ನೂ ಕ್ಷಣದಲ್ಲಿ ಹಿಡಿದುಕೊಡುತ್ತದೆ. ಇಂಥ ಕಾಲದಲ್ಲಿ ಬಣ್ಣವನ್ನು ಹಿಡಿಯಲಾರದ ಕ್ಯಾಮರಾವೊಂದನ್ನು ಬೇಕೆಂದೇ ಮಾಡಿ, ಬಣ್ಣದ ಕ್ಯಾಮರಾಕ್ಕಿಂತ ಹೆಚ್ಚಿನ ಬೆಲೆಗೆ ಮಾರಹೊರಟರೆ ಜನ ಏನೆಂದಾರು?

2012ನೆಯ ಇಸವಿಯ ಮೇ 10ರಂದು ಬರ್ಲಿನ್ ನಗರದಲ್ಲಿ ನಡೆದದ್ದು ಇದೇ. ಜರ್ಮನಿಯ ಪ್ರಸಿದ್ಧ ಲೈಕಾ ಸಂಸ್ಥೆ ಅಂದು ‘ಎಂ ಮೊನೊಕ್ರೋಮ್’ ಎಂಬ ಡಿಜಿಟಲ್ ಕ್ಯಾಮರಾವನ್ನು ಹೊರತಂದಿತು. ಮೈಯೆಲ್ಲ ಕಪ್ಪು. ಲೈಕಾ ಎಂದೊಡನೆ ಕಣ್ಣಿಗೆ ಬೀಳುವ ಕೆಂಪು ಚುಕ್ಕೆ ಕೂಡ ಅದರ ಮುಖದ ಮೇಲಿರಲಿಲ್ಲ. ಅದೇ ಮನೆಯ ಬಣ್ಣದ ಕ್ಯಾಮರಾ ‘ಎಂ 9’ 2009ರಲ್ಲಿ 6,995 ಡಾಲರಿಗೆ ಮಾರಾಟಕ್ಕೆ ಬಂದಿತ್ತು. ಈ ಬಣ್ಣವಿಲ್ಲದ ತಮ್ಮನ ಬೆಲೆ 7,950 ಡಾಲರು. ಆಗಿನ ಲೆಕ್ಕದಲ್ಲಿ ನಾಲ್ಕು ಲಕ್ಷ ರೂಪಾಯಿಗೂ ಮಿಗಿಲು. ಅದೂ ಮಸೂರ ಬಿಟ್ಟು!

ಛಾಯಾಗ್ರಾಹಕರ ಲೋಕದಲ್ಲಿ ಕೂಡಲೇ ಎರಡು ಪಕ್ಷಗಳಾದವು. ನಕ್ಕವರು ಬಹಳ. ಬಣ್ಣದಲ್ಲಿ ತೆಗೆದ ಚಿತ್ರವನ್ನು ಗಣಕಯಂತ್ರದಲ್ಲಿ ಒಂದು ಗುಂಡಿಯೊತ್ತಿ ಕಪ್ಪು-ಬಿಳುಪು ಮಾಡಬಹುದಾಗಿರುವಾಗ ಈ ದಂಡವೇಕೆ ಎಂದರು. ಹೆಚ್ಚು ಕೊಟ್ಟು ಕಡಿಮೆ ಕೊಳ್ಳುವ ವ್ಯಾಪಾರ ಇದೊಂದೇ ಎಂದು ಹಾಸ್ಯ ಮಾಡಿದರು. ಇನ್ನೊಂದು ಪಕ್ಷದವರು ನಗಲಿಲ್ಲ. ಬಹಳ ವರ್ಷಗಳಿಂದ ಕಾದಿದ್ದ ಬಂಧು ಮನೆಗೆ ಬಂದಷ್ಟು ಅವರಿಗೆ ಸಂತೋಷವಾಯಿತು. ಇವರಲ್ಲಿ ಯಾರು ಸರಿ ಎಂದು ತೀರ್ಮಾನಿಸುವ ಮುನ್ನ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು. ಜಗಳ ಹೊಸದಾಗಿ ಕಂಡರೂ ಅದರ ಬೇರು ಹಳೆಯದು.

ಲೈಕಾದ ಕಥೆ ಆರಂಭವಾಗುವುದು ವೆಟ್ಸ್‌ಲಾರ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿನ ಲೈಟ್ಸ್ ಸೂಕ್ಷ್ಮದರ್ಶಕ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿಯಿದ್ದ. ಅವನಿಗೆ ಉಬ್ಬಸ. ಗಾಜಿನ ಫಲಕಗಳ ಭಾರವಾದ ಪೆಟ್ಟಿಗೆಯನ್ನು ಹೊತ್ತು ಗುಡ್ಡ ಹತ್ತುವುದು ಅವನಿಂದಾಗದ ಕೆಲಸ. ಚಲನಚಿತ್ರದ ಫಿಲಂ ಸುರುಳಿಯನ್ನೇ ಬಳಸಿ, 24 ಮಿಲಿಮೀಟರ್ ಎತ್ತರ 36 ಮಿಲಿಮೀಟರ್ ಅಗಲದ ಪುಟ್ಟ ಚಿತ್ರ ತೆಗೆಯುವ ಕಿರಿಯ ಯಂತ್ರವೊಂದನ್ನು ಅವನು 1914ರ ವೇಳೆಗೆ ಮಾಡಿಕೊಂಡ. ಮೊದಲ ಮಹಾಯುದ್ಧ ಅಡ್ಡ ಬಂದು, ಅದು ಮಾರುಕಟ್ಟೆಗೆ ಬಂದದ್ದು 1925ರ ಲೈಪ್‌ಜಿಗ್ ಜಾತ್ರೆಯಲ್ಲಿ. ಕ್ಯಾಮರಾ ಅಂಗೈಗೆ ಬಂತು. ಛಾಯಾಗ್ರಾಹಕ ಬೀದಿಗೆ ಬಂದ. ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸೋನ್ 1932ರಲ್ಲಿ ತನ್ನ ಮೊದಲ ಲೈಕಾ ಕೊಂಡ. ಅವನು ನಮ್ಮ ದೇಶಕ್ಕೂ ಬಂದಿದ್ದ. 1948ರ ಜನವರಿ 30ರಂದು ಗಾಂಧೀಜಿಯವರನ್ನು ಕಂಡು ಹೊರಟವನು, ಸ್ವಲ್ಪ ಹೊತ್ತಿನಲ್ಲೇ ಅವರ ಹತ್ಯೆಯ ಸುದ್ದಿ ಕೇಳಿ ಹಿಂದಿರುಗಬೇಕಾಯಿತು. ಆ ದಿನಗಳ ಶೋಕವನ್ನು ನಾವು ಇಂದಿಗೂ ನೆನೆಯುವುದು ಅವನಂಥವರ ಕಪ್ಪು-ಬಿಳುಪು ಚಿತ್ರಗಳಲ್ಲಿ.

ಆ ಕಾಲದ ಕಪ್ಪು-ಬಿಳುಪು ಎಂದರೆ ಬಣ್ಣವನ್ನು ಸುಮ್ಮನೆ ಅಳಿಸಿಬಿಡುವುದೆಂದು ತಿಳಿಯಬೇಡಿ. ಅಂಗಳದ ದಾಸವಾಳದ ಗಿಡವನ್ನು ನೆನೆಯಿರಿ. ಕೆಂಪು ಹೂ, ಹಸಿರು ಎಲೆ. ಕಣ್ಣಿಗೆ ಹೂ ದೂರದಿಂದಲೇ ಎದ್ದು ಕಾಣುತ್ತದೆ. ಆದರೆ ಫಿಲಮಿನ ಮೇಲೆ ಎರಡೂ ಒಂದೇ ಬೂದುಬಣ್ಣಕ್ಕೆ ತಿರುಗಿ ಹೂವೇ ಮಾಯವಾಗಬಹುದು. ಅದಕ್ಕೆ ಛಾಯಾಗ್ರಾಹಕ ಮಸೂರದ ಮುಂದೆ ಬಣ್ಣದ ಗಾಜನ್ನು ಇಡುತ್ತಿದ್ದ. ಕೆಂಪು ಗಾಜಿಟ್ಟರೆ ಹೂ ಬೆಳ್ಳಗಾಗಿ ಎಲೆ ಕಪ್ಪಾಗುತ್ತದೆ. ಹಸಿರು ಗಾಜಿಟ್ಟರೆ ಎಲೆ ತಿಳಿಯಾಗಿ ಹೂ ಕಪ್ಪಾಗುತ್ತದೆ. ಹಳದಿ ಗಾಜು ಆಕಾಶವನ್ನು ಸ್ವಲ್ಪ ಕಪ್ಪಾಗಿಸಿ ಮೋಡಗಳನ್ನು ಮುಂದಕ್ಕೆ ತರುತ್ತದೆ. ಇದನ್ನೆಲ್ಲ ಗುಂಡಿ ಒತ್ತುವ ಮುನ್ನವೇ ತೀರ್ಮಾನಿಸಬೇಕಾಗಿತ್ತು. ಒತ್ತಿದ ಮೇಲೆ ಹೂವನ್ನು ಎಲೆಯಿಂದ ಬೇರೆ ಮಾಡುವ ಉಪಾಯವಿರಲಿಲ್ಲ. ಈ ಮಾತನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಂಡಿರಿ. ಮುಂದೆ ಇದೇ ನಮಗೆ ಕೀಲಿಕೈ.

ಈಗ ಡಿಜಿಟಲ್ ಯುಗಕ್ಕೆ ಬರೋಣ. ಅಮೆರಿಕದ ಕೊಡಾಕ್ ಸಂಸ್ಥೆಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ಯುವ ಇಂಜಿನಿಯರು 1975ರಲ್ಲಿ ಫಿಲಂ ಇಲ್ಲದ ಕ್ಯಾಮರಾವೊಂದನ್ನು ಜೋಡಿಸಿದ. ಅದರ ತೂಕ ಸುಮಾರು ಮೂರೂವರೆ ಕಿಲೋ. ಚಿತ್ರದಲ್ಲಿದ್ದ ಕಣಗಳು ಹತ್ತು ಸಾವಿರ. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಟೇಪಿನ ಮೇಲೆ ಬರೆಯಲು 23 ಸೆಕೆಂಡು ಬೇಕಾಗುತ್ತಿತ್ತು. ಆ ಚಿತ್ರವೂ ಕಪ್ಪು-ಬಿಳುಪೇ! ಡಿಜಿಟಲ್ ಕ್ಯಾಮರಾ ಹುಟ್ಟಿದ್ದೇ ಬಣ್ಣವಿಲ್ಲದೆ ಎಂಬುದನ್ನು 2012ರಲ್ಲಿ ನಕ್ಕವರು ಮರೆತಿದ್ದರು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಡಿಜಿಟಲ್ ಕ್ಯಾಮರಾದೊಳಗಿನ ಸಂವೇದಕವೆಂದರೆ ಲಕ್ಷಾಂತರ ಪುಟ್ಟ ಬಟ್ಟಲುಗಳ ಒಂದು ಹಲಗೆಯೆಂದು ತಿಳಿಯಿರಿ. ಮಳೆಯ ನೀರು ಬಟ್ಟಲಿಗೆ ಬಿದ್ದಂತೆ ಬೆಳಕು ಅದರಲ್ಲಿ ಬೀಳುತ್ತದೆ. ಎಷ್ಟು ಬಿತ್ತೆಂದು ಬಟ್ಟಲು ಹೇಳಬಲ್ಲದು. ಬಿದ್ದದ್ದು ಕೆಂಪೋ ನೀಲಿಯೋ ಎಂದು ಹೇಳಲಾರದು. ಅದಕ್ಕೆ ಬಣ್ಣ ಕಲಿಸಿದವನು ಅದೇ ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್. ಪ್ರತಿಯೊಂದು ಬಟ್ಟಲಿನ ಮೇಲೂ ಚದುರಂಗದ ಮನೆಗಳಂತೆ ಬಣ್ಣದ ಜರಡಿಯನ್ನು ಹೊದಿಸುವ ಉಪಾಯವನ್ನು ಅವನು ಹೂಡಿದ. ಅರ್ಧದಷ್ಟು ಮನೆಗಳು ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಇದರ ಪೇಟೆಂಟು ದೊರೆತದ್ದು 1976ರಲ್ಲಿ. ಹಸಿರು ಮನೆಗೆ ತನ್ನ ಕೆಂಪೆಷ್ಟು, ನೀಲಿಯೆಷ್ಟು ಎಂದು ಗೊತ್ತಿಲ್ಲ. ಅದನ್ನು ನೆರೆಹೊರೆಯವರನ್ನು ಕೇಳಿ ಊಹಿಸಬೇಕು. ಇಂದು ನಾವು ತೆಗೆಯುವ ಬಣ್ಣದ ಚಿತ್ರಗಳಲ್ಲಿ ಬಹುಪಾಲು ಹೀಗೆ ಮೂರರಲ್ಲಿ ಒಂದಂಶ ಅಳತೆ, ಎರಡಂಶ ಊಹೆ. ಊಹೆ ಎಷ್ಟು ಚೆನ್ನಾಗಿ ನಡೆಯುತ್ತದೆಂದರೆ ನಮಗೆ ಅದರ ಸುಳಿವೇ ಸಿಗುವುದಿಲ್ಲ.

ಮೊನೊಕ್ರೋಮ್‌ನಲ್ಲಿ ಲೈಕಾ ಮಾಡಿದ್ದು ಇಷ್ಟೇ: ಆ ಜರಡಿಯನ್ನು ತೆಗೆದುಹಾಕಿತು. ಎಂ 9 ಯಂತ್ರದಲ್ಲಿದ್ದಂತೆ ಇದರಲ್ಲೂ ಇದ್ದದ್ದು ಒಂದು ಕೋಟಿ ಎಂಬತ್ತು ಲಕ್ಷ ಬಟ್ಟಲುಗಳೇ. ಆದರೆ ಈಗ ಪ್ರತಿ ಬಟ್ಟಲೂ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ತಾನೇ ಅಳೆಯತೊಡಗಿತು. ಊಹೆ ತಪ್ಪಿತು, ಗೆರೆಗಳು ಹೆಚ್ಚು ಚೂಪಾದವು. ಜರಡಿ ತಡೆಯುತ್ತಿದ್ದ ಬೆಳಕೂ ಒಳಗೆ ಬಂತು. ಬೆಳಕಿಗೆ ಸ್ಪಂದಿಸುವ ಶಕ್ತಿಯನ್ನು ಐಎಸ್‌ಒ ಎಂಬ ಅಂಕಿಯಿಂದ ಅಳೆಯುತ್ತಾರೆ. ಎಂ 9ರಲ್ಲಿ ಅದರ ಸಹಜ ಮಟ್ಟ 160; ಮೊನೊಕ್ರೋಮ್‌ನಲ್ಲಿ 320. ಮೇಲಿನ ಮಿತಿ ಎಂ 9ರಲ್ಲಿ 2,500, ಮೊನೊಕ್ರೋಮ್‌ನಲ್ಲಿ 10,000. ದೀಪದ ಮಂದ ಬೆಳಕಿನಲ್ಲಿ ಚಿತ್ರ ತೆಗೆಯುವವರಿಗೆ ಇದು ಸಣ್ಣ ಲಾಭವಲ್ಲ. ‘ಬಣ್ಣದ ಚಿತ್ರವನ್ನೇ ಕಪ್ಪು-ಬಿಳುಪು ಮಾಡಿದರೆ ಸಾಲದೆ’ ಎಂಬ ಪ್ರಶ್ನೆಗೆ ಯಂತ್ರವೇ ಕೊಟ್ಟ ಉತ್ತರ ಇದು.

ಆದರೆ ಕೊಟ್ಟ ಕೈ ಕಿತ್ತುಕೊಂಡಿತು ಕೂಡ. ಬಣ್ಣದ ಚಿತ್ರ ಕೈಯಲ್ಲಿದ್ದರೆ ಅದನ್ನು ಕಪ್ಪು-ಬಿಳುಪು ಮಾಡುವಾಗ ದಾಸವಾಳವನ್ನು ಬೆಳ್ಳಗೆ ಮಾಡಲೇ ಕಪ್ಪಗೆ ಮಾಡಲೇ ಎಂದು ಮನೆಯಲ್ಲಿ ಕುಳಿತು, ಕಾಫಿ ಕುಡಿಯುತ್ತ ಯೋಚಿಸಬಹುದು. ಮೊನೊಕ್ರೋಮ್‌ನಲ್ಲಿ ಆ ಅವಕಾಶವಿಲ್ಲ. ಕೆಂಪು ಗಾಜೋ ಹಸಿರು ಗಾಜೋ, ಗಿಡದ ಮುಂದೆ ನಿಂತಾಗಲೇ ನಿರ್ಧರಿಸಬೇಕು. ಬೆಳಕು ಉಕ್ಕಿ ಬಟ್ಟಲು ತುಂಬಿಹೋದರೆ ಅಲ್ಲಿ ಬರಿಯ ಬಿಳಿ. ಬಣ್ಣದ ಯಂತ್ರದಲ್ಲಾದರೆ ಕೆಂಪು ತುಂಬಿದ್ದರೂ ನೀಲಿಯಲ್ಲಿ ಸ್ವಲ್ಪ ವಿವರ ಉಳಿದಿರಬಹುದು. ಇಲ್ಲಿ ಕೇಳಲು ನೆರೆಯವರಿಲ್ಲ. 1930ರ ಛಾಯಾಗ್ರಾಹಕನ ಜವಾಬ್ದಾರಿ 2012ರ ಛಾಯಾಗ್ರಾಹಕನ ಹೆಗಲಿಗೆ ಹೀಗೆ ಮರಳಿ ಬಂತು.

ಛಾಯಾಗ್ರಾಹಕರ ಪ್ರತಿಕ್ರಿಯೆಗಳು ಕವಲೊಡೆದದ್ದು ಈ ಜಾಗದಲ್ಲಿ. ಕತ್ತಲೆಕೋಣೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ಪೆಟ್ಟಿಗೆಯ ತಳದಿಂದ ಹಳದಿ, ಕೆಂಪು ಗಾಜುಗಳನ್ನು ಹೊರತೆಗೆದರು. ಇನ್ನು ಕೆಲವರಿಗೆ ಚಿತ್ರ ತೀರ ಶುಭ್ರವೆನಿಸಿತು. 1954ರಲ್ಲಿ ಬಂದ ಟ್ರೈ-ಎಕ್ಸ್ ಫಿಲಮಿನ ಒರಟು ಕಣಗಳಿಗೆ ಒಗ್ಗಿದ ಕಣ್ಣಿಗೆ ಈ ನುಣುಪು ರುಚಿಸಲಿಲ್ಲ. ಡೆನ್ಮಾರ್ಕಿನ ಯಾಕೋಬ್ ಔ ಸೊಬೊಲ್ ಹೊಸ ಯಂತ್ರವನ್ನು ಹಿಡಿದು ಮಾಸ್ಕೋದಿಂದ ಮಂಗೋಲಿಯದ ಮೂಲಕ ಬೀಜಿಂಗಿನವರೆಗೆ ರೈಲಿನಲ್ಲಿ ಹೋದ. ಅವನು ತಂದ ಚಿತ್ರಗಳು ಇದ್ದಿಲಿನಲ್ಲಿ ಗೀಚಿದಂತೆ ಕಟುವಾದವು. ಯಂತ್ರ ನುಣುಪಾದರೂ ಚಿತ್ರ ನುಣುಪಾಗಬೇಕಿಲ್ಲವೆಂಬುದಕ್ಕೆ ಅವೇ ಸಾಕ್ಷಿಯಾದವು.

ಬಣ್ಣ ಮೇಲೋ ಕಪ್ಪು-ಬಿಳುಪು ಮೇಲೋ ಎಂಬ ವಾದಕ್ಕೂ ಒಂದು ಇತಿಹಾಸವಿದೆ. ಬೇಯರನಿಗೆ ಪೇಟೆಂಟು ದೊರೆತ 1976ರಲ್ಲೇ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ವಿಲಿಯಂ ಎಗಲ್‌ಸ್ಟನ್ ಎಂಬಾತನ ಬಣ್ಣದ ಚಿತ್ರಗಳ ಪ್ರದರ್ಶನ ನಡೆಯಿತು. ವಿಮರ್ಶಕರಲ್ಲಿ ಹಲವರು ಮೂಗು ಮುರಿದರು. ಬಣ್ಣವೆಂದರೆ ಜಾಹೀರಾತಿಗೂ ರಜೆಯ ನೆನಪಿಗೂ ಸಲ್ಲುವಂಥದು, ಕಲೆಗೆ ಕಪ್ಪು-ಬಿಳುಪೇ ಗತಿಯೆಂಬುದು ಆಗಿನ ನಂಬಿಕೆ. ಬಣ್ಣದವನು ಅಂದು ತನ್ನ ಸಮರ್ಥನೆ ಹೇಳಿಕೊಳ್ಳಬೇಕಾಗಿತ್ತು. ಮೂವತ್ತಾರು ವರ್ಷ ಕಳೆದ ಮೇಲೆ ಅದೇ ಕಟಕಟೆಯಲ್ಲಿ ನಿಂತವನು ಬಣ್ಣ ಬಿಟ್ಟವನು!

ನಮ್ಮ ದೇಶದಲ್ಲೂ ಈ ಮಾತು ಬಂದಿದೆ. ಬಣ್ಣದ ಛಾಯಾಗ್ರಹಣದಲ್ಲಿ ಹೆಸರಾದ ರಘುಬೀರ್ ಸಿಂಗ್ ತಮ್ಮ 1998ರ ‘ರಿವರ್ ಆಫ್ ಕಲರ್’ ಪುಸ್ತಕದಲ್ಲಿ, ಕಪ್ಪು-ಬಿಳುಪು ಪಾಶ್ಚಾತ್ಯರ ಮನೋಧರ್ಮಕ್ಕೆ ಸೇರಿದ್ದು, ಭಾರತದ ಕಣ್ಣು ಬಣ್ಣದಲ್ಲೇ ಕಾಣುತ್ತದೆ ಎಂದು ವಾದಿಸಿದರು. ನಮ್ಮ ಸಂತೆ, ತೇರು, ಮದುವೆಗಳನ್ನು ನೋಡಿದರೆ ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಮೈಸೂರಿನ ಟಿ. ಎಸ್. ಸತ್ಯನ್ ತೆಗೆದ ಸಾಮಾನ್ಯ ಜನರ ಕಪ್ಪು-ಬಿಳುಪು ಚಿತ್ರಗಳನ್ನು ಕಂಡವರು, ಅಲ್ಲಿನ ಮಕ್ಕಳ ನಗು ಪರದೇಶದ್ದೆಂದು ಹೇಳಲಾರರು. ತೇರಿನ ಮುಂದೆ ನಿಂತವನಿಗೆ ಬಣ್ಣ ಬೇಕು. ತೇರನ್ನು ನೋಡುತ್ತಿರುವ ಮುದುಕಿಯ ಮುಖದ ಮುಂದೆ ನಿಂತವನಿಗೆ ಬೇಡವಾಗಬಹುದು.

ಈ ಯಂತ್ರಕ್ಕೆ ಎದುರಾಗಿ ಬಂದ ಆಕ್ಷೇಪಗಳಲ್ಲಿ ಬಲವಾದದ್ದು ಬೆಲೆಯದು. ಉಪ್ಪು ಬಿಡುವ ವ್ರತಕ್ಕೆ ಖರ್ಚಿಲ್ಲ. ಬಣ್ಣ ಬಿಡುವ ವ್ರತಕ್ಕೆ ನಾಲ್ಕು ಲಕ್ಷ ಏಕೆ? ಸಿರಿವಂತರು ಮಾತ್ರ ಹಿಡಿಯಬಹುದಾದ ವ್ರತ ಎಂಥ ವ್ರತ? ಲೈಕಾ ಇದಕ್ಕೆ ಉತ್ತರ ಕೊಡಲಿಲ್ಲ. ಅದು 2015ರಲ್ಲಿ, 2020ರಲ್ಲಿ, 2023ರಲ್ಲಿ ಇದೇ ವಂಶದ ಹೊಸ ಯಂತ್ರಗಳನ್ನು ತಂದಿತು, ಅವೂ ದುಬಾರಿಯೇ ಆಗಿದ್ದವು. ಆದರೆ 2023ರ ಏಪ್ರಿಲ್ ತಿಂಗಳಲ್ಲಿ ಪೆಂಟಾಕ್ಸ್ ಹೆಸರಿನಲ್ಲಿ ಕಪ್ಪು-ಬಿಳುಪಿಗೇ ಮೀಸಲಾದ ಇನ್ನೊಂದು ಕ್ಯಾಮರಾ ಬಂತು. ಬೆಲೆ ಸುಮಾರು 2,200 ಡಾಲರು. ಅದೂ ಅಗ್ಗವಲ್ಲ, ನಿಜ. ಆದರೂ ಹುಚ್ಚಾಟವೆಂದು ನಗಿಸಿಕೊಂಡ ಸರಕಿಗೆ ಹನ್ನೊಂದು ವರ್ಷಗಳಲ್ಲಿ ಪೈಪೋಟಿ ಹುಟ್ಟಿತೆಂದರೆ ಕೊಳ್ಳುವವರಿಗೆ ಅದರಲ್ಲಿ ಏನೋ ಸಿಕ್ಕಿರಬೇಕು.

ಏನು ಸಿಕ್ಕಿತು? ಚೂಪಾದ ಗೆರೆ, ಕತ್ತಲಲ್ಲಿ ಕಾಣುವ ಶಕ್ತಿ ಸಿಕ್ಕವು. ಅವು ಲೆಕ್ಕಕ್ಕೆ ಸಿಗುವ ಲಾಭ. ಅದನ್ನು ಬಳಸಿದವರಲ್ಲಿ ಅನೇಕರು ಹೇಳಿದ್ದು ಬೇರೆ. ಬಣ್ಣ ಸಿಗುವುದೇ ಇಲ್ಲವೆಂದು ಗೊತ್ತಾದ ಮೇಲೆ ಕಣ್ಣು ಬಣ್ಣವನ್ನು ಹುಡುಕುವುದು ಬಿಟ್ಟು, ನೆರಳು ಎಲ್ಲಿ ಬಿದ್ದಿದೆ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ನೋಡತೊಡಗುತ್ತದೆ ಎಂದರು. ಬಾನುಲಿಯನ್ನು ಕೇಳುವ ನಿಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ರೇಡಿಯೋ ನಾಟಕದಲ್ಲಿ ರಂಗಸಜ್ಜಿಕೆಯಿಲ್ಲ. ಆದ್ದರಿಂದಲೇ ಬಾಗಿಲು ತೆರೆದ ಸದ್ದಿಗೆ ಅಲ್ಲಿ ಅಷ್ಟು ಅರ್ಥ. ಇಲ್ಲದ್ದನ್ನು ಕಣ್ಣೋ ಕಿವಿಯೋ ದುಡಿದು ತುಂಬಿಕೊಳ್ಳುತ್ತದೆ.

ಈ ದುಡಿಮೆಗೆ ದುಬಾರಿ ಯಂತ್ರವೇ ಆಗಬೇಕೆಂದಿಲ್ಲ. ಮುಂದಿನ ಸಲ ನೀವು ಯಾರದಾದರೂ ಚಿತ್ರ ತೆಗೆಯಲು ಮೊಬೈಲು ಫೋನನ್ನು ಎತ್ತಿದಾಗ, ಒಂದು ಗಳಿಗೆ ತಡೆದು ನಿಮ್ಮನ್ನು ಕೇಳಿಕೊಳ್ಳಿ: ಇಲ್ಲಿಂದ ಬಣ್ಣವನ್ನು ತೆಗೆದರೆ ಏನು ಉಳಿಯುತ್ತದೆ? ಏನೂ ಉಳಿಯದಿದ್ದರೆ ಬಣ್ಣದಲ್ಲೇ ತೆಗೆಯಿರಿ. ಅದರಲ್ಲಿ ನಾಚಿಕೆಯೇನಿಲ್ಲ, ಹೋಳಿಯನ್ನು ಕಪ್ಪು-ಬಿಳುಪಿನಲ್ಲಿ ಯಾರು ನೋಡಿಯಾರು? ಏನಾದರೂ ಉಳಿಯುತ್ತದೆ ಎನ್ನಿಸಿದರೆ ಕಿಟಕಿಯ ಕಡೆಗೆ ಒಂದು ಹೆಜ್ಜೆ ಸರಿಯಿರಿ, ಮುಖದ ಮೇಲೆ ಬೆಳಕು ಬೀಳುವವರೆಗೆ ಕಾಯಿರಿ, ಆಮೇಲೆ ಗುಂಡಿ ಒತ್ತಿ.